ನಾಯಿಗೊಂದು ಕೆಲಸ

“ನಾಯಿಗೆ ಕೆಲಸವಿಲ್ಲ, ಕೂರುವುದಕ್ಕೆ ಪುರುಸೊತ್ತಿಲ್ಲ” ಎಂಬ ಗಾದೆ ತಮಗೆಲ್ಲ ಗೊತ್ತಿರುವುದೇ. ಮೂವತ್ತು ವರ್ಷಕ್ಕೂ ಮಿಕ್ಕಿ ಕನ್ನಡ ಪಾಠ ಹೇಳಿದ ನಾನು, ಕಾಲೇಜಿನ ಮೊಗಸಾಲೆಯಲ್ಲಿ ಸುಮ್ಮನೆ ಅಲೆಯುವ ಹುಡುಗರ ಮೇಲೆ ಈ ಗಾದೆಯನ್ನು ಎಷ್ಟು ಸಲ ಪ್ರಯೋಗಿಸಿದ್ದೇನೋ ಲೆಕ್ಕವಿಲ್ಲ. ಅದನ್ನು ಕಟ್ಟಿದವರು ನಾಯಿಯನ್ನು ಕಣ್ಣಿಟ್ಟು ನೋಡಿದ್ದರು, ಸಂಶಯವಿಲ್ಲ. ಆದರೆ ಕೂರಲು ಪುರುಸೊತ್ತಿಲ್ಲದ ಪ್ರಾಣಿಗೆ ಕೆಲಸವಿಲ್ಲವೆಂದು ತೀರ್ಮಾನಿಸಿದ್ದು ಹೇಗೆ? ತಮಗೆ ಪ್ರಯೋಜನ ಕಾಣದ ಕೆಲಸ ಕೆಲಸವೇ ಅಲ್ಲ ಎಂದುಕೊಂಡಿದ್ದರೆಂದು ತೋರುತ್ತದೆ. ಇರಲಿ. ಈಗ ನಮ್ಮ ಮನೆಗಳಲ್ಲಿ ಆ ಗಾದೆಯೇ ತಿರುವುಮುರುವಾಗಿದೆ. ನಾಯಿಗೆ ಕೂರುವುದನ್ನು ಬಿಟ್ಟರೆ ಬೇರೆ ಕೆಲಸವಿಲ್ಲ.

ಮನೆಯಲ್ಲಿ ಸಾಕಿದ ನಾಯಿಯ ಮನಸ್ಸನ್ನು ಚುರುಕಾಗಿ ಇಡುವುದು ಹೇಗೆ ಎಂಬುದರ ಮೇಲೆ ಮಾತನಾಡಬೇಕೆಂದು ಬಾನುಲಿಯ ಮಿತ್ರರು ಕೇಳಿದಾಗ ನಾನು ಹಿಂಜರಿದೆ. ನಾನು ಪಶುವೈದ್ಯನಲ್ಲ, ಹಳಗನ್ನಡ ಕಾವ್ಯ ಓದಿಸಿ ಈಗ ಪಿಂಚಣಿ ತೆಗೆದುಕೊಳ್ಳುತ್ತಿರುವವನು. ಕೊನೆಗೆ ಒಪ್ಪಿಕೊಂಡದ್ದಕ್ಕೆ ಕಾರಣ ಪಾಂಡಿತ್ಯವಲ್ಲ, ನನ್ನದೊಂದು ತಪ್ಪು. ಅದನ್ನು ಮೊದಲು ಹೇಳಿಬಿಡುತ್ತೇನೆ.

ನಮ್ಮೂರು ಕುಂದಾಪುರದ ಹತ್ತಿರದ ಕೋಟೇಶ್ವರ. ಕೋಟಿಲಿಂಗೇಶ್ವರನ ದೇವಸ್ಥಾನ, ಅದರ ಬಳಿಯ ವಿಶಾಲವಾದ ಕೋಟಿತೀರ್ಥ, ಪಡುವಣಕ್ಕೆ ನಡೆದರೆ ಹಳೆಅಳಿವೆಯ ಕಡಲತೀರ. ನಾನು ಹುಡುಗನಾಗಿದ್ದಾಗ ಇಲ್ಲಿ ನಾಯಿಯನ್ನು ಸಾಕುತ್ತೇವೆ ಎಂದು ಯಾರೂ ಹೇಳುತ್ತಿರಲಿಲ್ಲ. ನಾಯಿ ಮನೆಯಲ್ಲಿ ಇರುತ್ತಿತ್ತು, ಅಷ್ಟೆ. ಬೆಳಗ್ಗೆ ಹಟ್ಟಿಯಿಂದ ಬಿಟ್ಟ ದನಗಳ ಹಿಂದೆ ಬೈಲಿಗೆ ಹೊರಡುತ್ತಿತ್ತು. ಗದ್ದೆಯ ಅಂಚಿನ ಏಡಿಮಾಟೆಗೆ ಮೂಗು ತುರುಕಿ, ಕಚ್ಚಿಸಿಕೊಂಡು, ಮರುದಿನ ಅದೇ ಮಾಟೆಗೆ ಮತ್ತೆ ಮೂಗು ತುರುಕುತ್ತಿತ್ತು. ಹುಲ್ಲುಕುತ್ತರಿಯ ಬುಡದಲ್ಲಿ ಇಲಿಗಾಗಿ ಗಂಟೆಗಟ್ಟಲೆ ಕಾಯುತ್ತಿತ್ತು. ರಾತ್ರಿ ಹಾಡಿಯ ಕಡೆಯಿಂದ ಹಂದಿ ಇಳಿದರೆ ಗೆಣಸಿನ ಸಾಲಿನ ತಲೆಯಲ್ಲಿ ನಿಂತು ಊರನ್ನೇ ಎಬ್ಬಿಸುತ್ತಿತ್ತು. ಸಂಜೆ ಗಂಜಿಯೋ ಮೀನಿನ ತಲೆಯೋ ಸಿಕ್ಕಿದರೆ ಸಿಕ್ಕಿತು. ಅದು ಸುಖದ ಬಾಳೆಂದು ನಾನು ಹೇಳಲಾರೆ. ಹುಣ್ಣು, ಉಣ್ಣಿ, ಹುಚ್ಚುನಾಯಿಯ ಕಡಿತ, ಒಂದೊಂದು ಸಲ ಚಿರತೆ. ಬಹಳ ವರ್ಷ ಬದುಕಿದ ನಾಯಿಗಳು ಕಡಮೆ. ಆದರೆ ಬೇಸರ ಎಂಬ ಒಂದು ರೋಗ ಮಾತ್ರ ಅವಕ್ಕೆ ಇರಲಿಲ್ಲ.

ಒಂಬತ್ತು ವರ್ಷಗಳ ಹಿಂದೆ, ನಾನು ನಿವೃತ್ತನಾಗಿ ಊರಿಗೆ ಬಂದ ವರ್ಷ, ಮೊದಲ ಮಳೆಗೆ ನೆನೆದ ಕಂದುಬಣ್ಣದ ಮರಿಯೊಂದು ನಮ್ಮ ಗೇಟಿನ ಸಂದಿಯಿಂದ ಒಳಗೆ ಬಂತು. ಕಂತ್ರಿ ಜಾತಿ. ‘ಕಂಟ್ರಿ’ ಎಂಬ ಇಂಗ್ಲಿಷ್ ಮಾತು ನಮ್ಮ ಬಾಯಲ್ಲಿ ಹೀಗೆ ಬೈಗುಳವಾಗಿ ಕುಳಿತದ್ದು ಭಾಷೆಯ ಒಂದು ವಿನೋದ. ನಮ್ಮ ನಾಡಿನ ನಾಯಿಯನ್ನು ಹೀಗಳೆಯಲು ಪರದೇಶದ ಶಬ್ದ ಬೇಕಾಯಿತು. ಮರಿಗೆ ಹಳಗನ್ನಡದಲ್ಲಿ ‘ಕುನ್ನಿ’ ಎಂಬ ಚೆಂದದ ಹೆಸರಿದೆ, ಕರಾವಳಿಯ ಕೆಲವು ಮನೆಮಾತುಗಳಲ್ಲಿ ಇನ್ನೂ ಉಳಿದಿದೆ. ನಾನು ಮೇಷ್ಟ್ರ ಚಾಳಿಯಿಂದ ಅದಕ್ಕೆ ‘ಸಾರಮೇಯ’ ಎಂದು ನಾಮಕರಣ ಮಾಡಿದೆ. ವಾರದೊಳಗೆ ಅದು ‘ಸಾರ’ ಆಯಿತು, ತಿಂಗಳಲ್ಲಿ ‘ಸಾರು’. ಊಟಕ್ಕೆ ಕುಳಿತವರು ಯಾರೇ “ಸಾರು” ಎಂದರೂ ಜಗಲಿಯಿಂದ ಓಡಿಬಂದು ಬಾಲ ಅಲ್ಲಾಡಿಸುತ್ತಿತ್ತು. ನೆಂಟರಿಗೆ ನಗು, ನನ್ನ ಹೆಂಡತಿಗೆ ಪೇಚು.

ಮೊದಲ ವರ್ಷ ಅದು ಬಿಡುಬೀಸಾಗಿ ಬೆಳೆಯಿತು. ಆಮೇಲೆ ನನಗೆ ಭಯ ಹಿಡಿಯಿತು. ಹಿಂದೆ 17 ಎಂದು ಕರೆಯುತ್ತಿದ್ದ, ಈಗ 66 ಎಂಬ ಸಂಖ್ಯೆಯ ಹೆದ್ದಾರಿ ನಮ್ಮೂರನ್ನು ಸೀಳಿಕೊಂಡು ಹೋಗಿದೆ. ಅಲ್ಲಿ ಪ್ರಾಣ ಬಿಟ್ಟ ನಾಯಿಗಳನ್ನು ಬೆಳಗಿನ ತಿರುಗಾಟದಲ್ಲಿ ನೋಡುತ್ತಿದ್ದೆ. ಪಾಗಾರ ಎತ್ತರಿಸಿದೆ. ಸಾರು ಅದನ್ನೂ ಹಾರಿತು. ಕೊನೆಗೆ ಹಿತ್ತಿಲ ಚಪ್ಪರದ ಕಂಬಕ್ಕೆ ಸರಪಳಿ ಹಾಕಿದೆ. ದಿನಕ್ಕೆ ಎರಡು ಸಲ ತಟ್ಟೆ ತುಂಬ ಊಟ, ಕಾಲಕಾಲಕ್ಕೆ ಚುಚ್ಚುಮದ್ದು, ಬೇಸಗೆಯಲ್ಲಿ ನೆರಳು, ಮಳೆಗಾಲದಲ್ಲಿ ಒಣ ಗೋಣಿ. ಇದಕ್ಕಿಂತ ಹೆಚ್ಚಿಗೆ ನಾಯಿಗೆ ಏನು ಬೇಕು ಎಂದುಕೊಂಡೆ. ಹೀಗೆ ಎರಡು ವರ್ಷ.

ಎರಡನೆಯ ವರ್ಷದ ಕೊನೆಗೆ ಕಂಬದ ಸುತ್ತ ನೆಲ ಚಕ್ರದ ಹಾಗೆ ಸವೆದು ಕುಳಿ ಬಿದ್ದಿತ್ತು. ಸಾರು ಬೆಳಗಿನಿಂದ ಬೈಗಿನವರೆಗೆ ಅದರಲ್ಲೇ ಸುತ್ತುತ್ತಿತ್ತು. ಸುತ್ತಿ ದಣಿದರೆ ಮುಂಗಾಲನ್ನು ನೆಕ್ಕುತ್ತಿತ್ತು. ನೆಕ್ಕಿ ನೆಕ್ಕಿ ಕೂದಲು ಹೋಗಿ, ಚರ್ಮ ಹೋಗಿ, ರೂಪಾಯಿಯಷ್ಟಗಲದ ಕೆಂಪು ಹುಣ್ಣಾಯಿತು. ಮುಲಾಮು ಹಚ್ಚಿದರೆ ಮುಲಾಮನ್ನೂ ನೆಕ್ಕಿತು. ರಾತ್ರಿಯಿಡೀ ಬೊಗಳು. ಯಾರೂ ಬಂದದ್ದಕ್ಕಲ್ಲ, ಯಾರೂ ಬಾರದ್ದಕ್ಕೆ. ನೆರೆಯವರು ಒಂದು ದಿನ ಸೌಜನ್ಯದಿಂದ, ಇನ್ನೊಂದು ದಿನ ಸೌಜನ್ಯವಿಲ್ಲದೆ ಹೇಳಿದರು. ನಾನು ಏಳು ಬಾಣಗಳ ಏಕಲವ್ಯನನ್ನು ನೆನೆದೆ. ಮಹಾಭಾರತದಲ್ಲಿ ಪಾಂಡವರ ಬೇಟೆನಾಯಿ ಕಾಡಿನಲ್ಲಿ ಅವನನ್ನು ಕಂಡು ಬೊಗಳಿದಾಗ, ಅದು ಬಾಯಿ ಮುಚ್ಚುವುದರೊಳಗೆ ಅವನು ಬಾಣಗಳಿಂದ ಆ ಬಾಯನ್ನು ತುಂಬಿದನಲ್ಲ. ನಾವೆಲ್ಲ ಅಲ್ಲಿ ಬಿಲ್ಲುಗಾರನ ಕೈಚಳಕವನ್ನು ಮೆಚ್ಚುತ್ತೇವೆ. ನಾಯಿ ಏನನ್ನು ಹೇಳಲು ಬೊಗಳಿತು ಎಂದು ನಾನು ತರಗತಿಯಲ್ಲಿ ಒಂದು ಸಲವೂ ಕೇಳಿರಲಿಲ್ಲ.

ಕೊನೆಗೆ ಒಬ್ಬ ರಿಕ್ಷಾದವನೊಡನೆ ಮಾತಾಯಿತು. ಹೊಳೆಯಾಚೆ ಮೀನಿನ ಬಂದರಿನಲ್ಲಿ ಬಿಟ್ಟುಬರುವುದು. ಅಲ್ಲಿ ಹೇಗೂ ತಿನ್ನಲು ಸಿಗುತ್ತದೆ. ಇದು ಎಷ್ಟೋ ಮನೆಗಳಲ್ಲಿ ನಡೆಯುವ ಕ್ರಮ, ಹಾಗಾಗಿ ತಪ್ಪೆಂದು ಕೂಡ ತೋರುವುದಿಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ 11ನೆಯ ಕಲಮನ್ನು ನಾನು ಓದಿದ್ದು ಬಹಳ ತಡವಾಗಿ. ಸಾಕಿದ ಪ್ರಾಣಿಯನ್ನು ತಕ್ಕ ಕಾರಣವಿಲ್ಲದೆ ಕೈಬಿಡುವುದು ಅಲ್ಲಿ ಅಪರಾಧ. ಅಷ್ಟೇ ಅಲ್ಲ, ಸದಾ ಸರಪಳಿಯಲ್ಲಿಟ್ಟ ನಾಯಿಗೆ ತಕ್ಕಷ್ಟು ಓಡಾಟ ಕೊಡದಿರುವುದೂ ಅಪರಾಧವೇ. ನಾಯಿಯ ಹೆಸರನ್ನೇ ಹಿಡಿದು ಹೇಳಿದೆ. ನಾನು ಎರಡು ವರ್ಷದಿಂದ ಒಂದು ಅಪರಾಧ ಮಾಡುತ್ತ, ಅದನ್ನು ಮುಗಿಸಲು ಇನ್ನೊಂದಕ್ಕೆ ಬಾಡಿಗೆ ಗೊತ್ತುಮಾಡಿದ್ದೆ.

ಆ ಬೆಳಗ್ಗೆ ತೋಟದ ಕೆಲಸಕ್ಕೆ ಬರುವ ಹಿರಿಯಾಕೆ ಮಡಲು ಎಳೆಯುತ್ತಿದ್ದವರು ನನ್ನನ್ನೂ ಸರಪಳಿಯನ್ನೂ ನೋಡಿ ನಿಂತರು.

“ಅದ್ಕೆ ಕೆಲ್ಸ ಇಲ್ಲ ಮಾಷ್ಟ್ರೆ, ಅದ್ಕೇ ಕೂಗುದು,” ಎಂದರು. “ನೀವಾರೂ ಬೆಳಿಗ್ಗಿಂದ ಪುಸ್ತಕ ಓದ್ತ್ರಿ. ಅದ್ ಎಂತ ಮಾಡ್ಕ್?”

ನಾನು ಸುಮ್ಮನಿದ್ದೆ. ಆಕೆ ಜಗಲಿಯ ಮೇಲಿದ್ದ ನಾಯಿಯ ಊಟದ ತಟ್ಟೆಯನ್ನು ಎತ್ತಿಕೊಂಡರು. ಹೆಡಿಗೆಯ ತುಂಬ ತೆಂಗಿನ ಸಿಪ್ಪೆ ಇತ್ತು. ತಟ್ಟೆಯಲ್ಲಿದ್ದ ದೋಸೆಯನ್ನು ಚೂರುಮಾಡಿ ಸಿಪ್ಪೆಗಳ ನಡುವೆ ಅಲ್ಲಲ್ಲಿ ಸಿಕ್ಕಿಸಿ ಹೆಡಿಗೆಯನ್ನು ನಾಯಿಯ ಮುಂದೆ ಇಟ್ಟರು. ಸಾರು ಮೊದಲು ಹಿಂದೆ ಸರಿಯಿತು. ಆಮೇಲೆ ಕತ್ತು ಚಾಚಿ ಮೂಸಿತು. ಆಮೇಲೆ ನಾವು ಅಲ್ಲಿ ಇದ್ದೇವೆ ಎಂಬುದನ್ನೇ ಮರೆಯಿತು. ಒಂದೊಂದೇ ಸಿಪ್ಪೆಯನ್ನು ಬಾಯಲ್ಲಿ ಎತ್ತಿ ಆಚೆ ಇಡುತ್ತ, ಮೂಗನ್ನು ನಾರಿನೊಳಗೆ ಒತ್ತಿ ಬುಸುಗುಟ್ಟುತ್ತ, ಎರಡು ನಿಮಿಷದಲ್ಲಿ ನುಂಗುವ ದೋಸೆಗೆ ಇಪ್ಪತ್ತು ನಿಮಿಷ ದುಡಿಯಿತು. ಮುಗಿದ ಮೇಲೆ ಕುಳಿಯಲ್ಲಿ ಸುತ್ತಲಿಲ್ಲ, ಕಾಲು ನೆಕ್ಕಲಿಲ್ಲ. ಚಪ್ಪೆ ಬಿದ್ದು ನಿದ್ದೆ ಮಾಡಿತು. “ಹ್ವಾಯ್, ರಿಕ್ಷಾ ಬಂತ್. ಅವನ್ಹತ್ರ ಎಂತ ಹೇಳೂದ್?” ಎಂದು ಒಳಗಿನಿಂದ ಹೆಂಡತಿಯ ದನಿ ಬಂತು. ಬಾಡಿಗೆ ಕೊಟ್ಟು ಕಳುಹಿಸಿದೆ.

ಆ ಹೆಡಿಗೆಯ ಮುಂದೆ ನಡೆದದ್ದೇನು ಎಂದು ತಿಳಿಯುವ ಆಸೆಯಿಂದ ಮುಂದಿನ ದಿನಗಳಲ್ಲಿ ಸಿಕ್ಕಿದ್ದನ್ನೆಲ್ಲ ಓದಿದೆ. ಗಂಟೆಯ ಸದ್ದಿಗೆ ಜೊಲ್ಲು ಸುರಿಸುವ ನಾಯಿಯೊಡನೆ ನಾವು ಸೇರಿಸಿ ನೆನೆಯುವ ರಷ್ಯದ ಇವಾನ್ ಪಾವ್ಲೋವ್ ಅವರ ಹೆಸರು ತಮಗೆ ತಿಳಿದದ್ದೇ. ಜೀರ್ಣಕ್ರಿಯೆಯ ಶೋಧಗಳಿಗಾಗಿ 1904ರಲ್ಲಿ ನೊಬೆಲ್ ಬಹುಮಾನ ಪಡೆದವರು. ಅವರು ಗುರುತಿಸಿದ ಇನ್ನೊಂದು ಸಂಗತಿ ಅಷ್ಟು ಪ್ರಸಿದ್ಧವಲ್ಲ. ಪ್ರಯೋಗದ ಕೋಣೆಗೆ ಹೊಸಬರೊಬ್ಬರು ಬಂದರೆ ಸಾಕು, ನಾಯಿ ಅತ್ತ ತಿರುಗಿ ಕಿವಿ ನಿಮಿರಿಸುತ್ತಿತ್ತು. ಕಲಿಸಿದ್ದೆಲ್ಲ ಕ್ಷಣಕಾಲ ಮರೆತುಹೋಗುತ್ತಿತ್ತು. ಪ್ರಯೋಗ ಕೆಟ್ಟಿತೆಂದು ಪಾವ್ಲೋವ್ ಸಿಡುಕಿ ಸುಮ್ಮನಾಗಲಿಲ್ಲ. ಇದೂ ಹುಟ್ಟಿನಿಂದ ಬಂದ ಒಂದು ಪ್ರತಿಕ್ರಿಯೆ ಎಂದು ಕಂಡು ಅದಕ್ಕೆ ‘ಇದೇನು?’ ಪ್ರತಿಕ್ರಿಯೆ ಎಂದೇ ಹೆಸರಿಟ್ಟರು. ಹಸಿವಿನಂತೆ ಇದೂ ಒಂದು ಹಸಿವು. ‘ಇದೇನು?’ ಎಂದು ಕೇಳಲು ಏನೂ ಇಲ್ಲದ ಕಡೆ ನಾಯಿಯನ್ನು ಕಟ್ಟಿಹಾಕಿದರೆ ಅದು ತನ್ನ ಕಾಲನ್ನೇ ಕೇಳಲಾರಂಭಿಸುತ್ತದೆ. ಸಾರು ಮಾಡಿದ್ದು ಅದನ್ನೇ.

ನಾಯಿ ಈ ಪ್ರಶ್ನೆಯನ್ನು ಹೆಚ್ಚಾಗಿ ಕೇಳುವುದು ಮೂಗಿನಿಂದ. ನಮ್ಮ ಮೂಗಿನಲ್ಲಿ ವಾಸನೆಯನ್ನು ಗ್ರಹಿಸುವ ಕೋಶಗಳು ಸುಮಾರು 50–60 ಲಕ್ಷ. ನಾಯಿಯಲ್ಲಿ ತಳಿಗೆ ತಕ್ಕಂತೆ 20–30 ಕೋಟಿ. ಮೂಸುವಾಗ ಒಳಬಂದ ಗಾಳಿಯ ಒಂದು ಪಾಲು ಶ್ವಾಸಕೋಶದ ದಾರಿ ಹಿಡಿಯದೆ, ಮೂಗಿನ ಹಿಂಭಾಗದಲ್ಲಿ ವಾಸನೆಗೆಂದೇ ಮೀಸಲಾದ ಎಡೆಗೆ ಹೋಗುತ್ತದೆ. ಬಿಡುವ ಉಸಿರು ಹೊಳ್ಳೆಯ ಪಕ್ಕದ ಸೀಳಿನಿಂದ ಹೊರಬೀಳುತ್ತದೆ, ಹಾಗಾಗಿ ಎದುರಿನ ವಾಸನೆ ಕದಡುವುದಿಲ್ಲ. ಕಣ್ಣಿನ ಮಾತು ಬೇರೆ. ನಾಯಿಗೆ ನೀಲಿ, ಹಳದಿಗಳ ಭೇದ ತಿಳಿಯುತ್ತದೆ; ಕೆಂಪು ಹಸಿರುಗಳ ಭೇದ ಚೆನ್ನಾಗಿ ತಿಳಿಯದು. ಹಸಿರು ಹುಲ್ಲಿನ ಮೇಲೆ ಕೆಂಪು ಚೆಂಡೆಸೆದು, ಕಣ್ಣೆದುರಿಗೇ ಇದ್ದರೂ ಕಾಣದಲ್ಲ, ಎಂಥ ದಡ್ಡ ಎಂದು ಬೈಯುವವರು ಇದನ್ನು ಗಮನಿಸಬೇಕು.

ನಾನು ಇಟ್ಟ ಹೆಸರಿನ ಅರ್ಥ ನನಗೇ ಹೊಳೆದದ್ದು ಆಗ. ಸಾರಮೇಯ ಎಂದರೆ ಸರಮೆಯ ಮಗ. ಸರಮೆ ಇಂದ್ರನ ದೇವಶುನಿ. ಪಣಿಗಳು ಅಡಗಿಸಿಟ್ಟ ಹಸುಗಳನ್ನು ಹುಡುಕಲು ಅವನು ಅಟ್ಟಿದ್ದು ಅವಳನ್ನು. ರಸಾ ನದಿಯನ್ನು ದಾಟಿ ಹೋಗಿ ಅವಳು ಪಣಿಗಳೊಡನೆ ನಡೆಸಿದ ಸಂವಾದ ಋಗ್ವೇದದ ಹತ್ತನೆಯ ಮಂಡಲದ 108ನೆಯ ಸೂಕ್ತದಲ್ಲಿದೆ. ನಮ್ಮ ಸಾಹಿತ್ಯದಲ್ಲಿ ಕಾಣುವ ಮೊದಲ ಹೆಸರಾಂತ ನಾಯಿ ಕಾವಲುಗಾರನಲ್ಲ, ಹುಡುಕುವವಳು. ಆ ಹೆಸರಿನ ಪ್ರಾಣಿಯನ್ನು ನಾನು ಕಂಬಕ್ಕೆ ಕಟ್ಟಿದ್ದೆ!

ಹುಡುಕಾಟದಿಂದ ನಾಯಿಯ ಮನಸ್ಸಿಗೆ ಏನಾಗುತ್ತದೆ ಎಂಬುದನ್ನು ಅಳೆದು ನೋಡಿದವರೂ ಇದ್ದಾರೆ. ಶಾರ್ಲೊಟ್ ಡುರಾಂಟನ್ ಮತ್ತು ಅಲೆಕ್ಸಾಂಡ್ರಾ ಹೊರೊವಿಟ್ಜ್ ಎಂಬ ವಿದುಷಿಯರು 2019ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಬಹಳ ಜಾಣತನದ್ದು. ನಾಯಿಗೆ ಸಂತೋಷವೇ ಎಂದು ಕೇಳುವ ಹಾಗಿಲ್ಲವಲ್ಲ. ಆದುದರಿಂದ ಅವರು ಒಂದು ಬದಿಯಲ್ಲಿಟ್ಟ ಬಟ್ಟಲಲ್ಲಿ ಯಾವಾಗಲೂ ತಿಂಡಿ, ಇನ್ನೊಂದು ಬದಿಯದರಲ್ಲಿ ಯಾವಾಗಲೂ ಬರಿದು ಎಂದು ನಾಯಿಗಳಿಗೆ ರೂಢಿ ಮಾಡಿದರು. ಆಮೇಲೆ ಬಟ್ಟಲನ್ನು ನಟ್ಟನಡುವೆ ಇಟ್ಟರು. ಇದ್ದರೂ ಇರಬಹುದು ಎಂದು ಬೇಗ ಹೋಗುವ ನಾಯಿ ಆಶಾವಾದಿ, ತಡಮಾಡುವುದು ನಿರಾಶಾವಾದಿ. ಇಪ್ಪತ್ತು ಸಾಕುನಾಯಿಗಳಲ್ಲಿ ಅರ್ಧಕ್ಕೆ ಎರಡು ವಾರ ದಿನವೂ ವಾಸನೆ ಹಿಡಿದು ತಿಂಡಿ ಹುಡುಕುವ ಆಟ. ಉಳಿದರ್ಧಕ್ಕೆ ಯಜಮಾನನ ಪಕ್ಕದಲ್ಲಿ ಶಿಸ್ತಾಗಿ ನಡೆಯುವ ಅಭ್ಯಾಸ, ಅದಕ್ಕೂ ತಿಂಡಿಯ ಬಹುಮಾನ. ಎರಡು ವಾರದ ಮೇಲೆ ನಡುವಿನ ಬಟ್ಟಲಿಗೆ ಮೊದಲಿಗಿಂತ ಬೇಗ ಹೋದವು ಹುಡುಕಾಟದ ನಾಯಿಗಳು. ಶಿಸ್ತಿನವುಗಳಲ್ಲಿ ಬದಲಾವಣೆ ಕಾಣಲಿಲ್ಲ. ಜೀವಮಾನವಿಡೀ ಶಿಸ್ತನ್ನು ಬೋಧಿಸಿದ ನನಗೆ ಇದು ಸ್ವಲ್ಪ ಮುಜುಗರದ ಓದು.

ಇನ್ನು ಮನೆಯಲ್ಲಿ ಮಾಡಬಹುದಾದ್ದಕ್ಕೆ ಬರೋಣ. ಇದಕ್ಕೆ ಅಂಗಡಿಯಿಂದ ತರಬೇಕಾದ್ದು ಏನೂ ಇಲ್ಲ. ಪೇಟೆಯಲ್ಲಿ ಇದಕ್ಕೆಂದೇ ಮಾಡಿದ ಆಟಿಕೆಗಳು ಸಿಗುತ್ತವೆ, ಬೆಲೆಯೂ ಇದೆ. ಕರಾವಳಿಯ ಹಿತ್ತಿಲಲ್ಲಿ ಅದೆಲ್ಲ ಬಿಟ್ಟಿ. ಮೂರು ಗೆರಟೆಗಳನ್ನು ಕವುಚಿ ಒಂದರ ಕೆಳಗೆ ಬೇಯಿಸಿದ ಗೆಣಸಿನ ತುಂಡಿಡಿ. ಅಡಿಕೆಯ ಹಾಳೆಯನ್ನು ಮಡಚಿ ಅದರೊಳಗೆ ಚಪಾತಿಯ ಚೂರಿಡಿ. ಹಳೆಯ ಪಂಚೆಗೆ ಸಡಿಲವಾಗಿ ನಾಲ್ಕು ಗಂಟು ಹಾಕಿ ಒಂದೊಂದು ಗಂಟಿನಲ್ಲಿ ಒಂದೊಂದು ತುಣುಕಿಡಿ. ಅಂಗಳದ ಹುಲ್ಲಿನಲ್ಲಿ ಹಿಡಿಯಷ್ಟು ತಿಂಡಿ ಚೆಲ್ಲಿ ಹುಡುಕಲು ಬಿಡಿ. ಮೊದಮೊದಲು ಸುಲಭವಾಗಿರಲಿ, ಕಣ್ಣೆದುರಿಗೇ ಅಡಗಿಸಿ. ಗೆದ್ದ ಸುಖ ಗೊತ್ತಾಗದೆ ಯಾವ ವಿದ್ಯಾರ್ಥಿಯೂ ಕಠಿಣ ಲೆಕ್ಕಕ್ಕೆ ಕೈ ಹಾಕುವುದಿಲ್ಲ. ಸಿಗಲಿಲ್ಲವೆಂದು ಅದು ಬೊಗಳತೊಡಗಿದರೆ ತಪ್ಪು ಪ್ರಶ್ನೆಪತ್ರಿಕೆ ತೆಗೆದವರದ್ದು. ಮುಖ್ಯವಾಗಿ, ಈ ತುಣುಕುಗಳು ದಿನದ ಊಟದ ಪಾಲಿನಿಂದಲೇ ಬರಬೇಕು, ಮೇಲಿನಿಂದಲ್ಲ. ಇಲ್ಲವಾದರೆ ಬೇಸರದ ನಾಯಿ ಹೋಗಿ ಬೊಜ್ಜಿನ ನಾಯಿ ಬರುತ್ತದೆ. ಈರುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟು ನಾಯಿಗೆ ವಿಷ. ಬೇಯಿಸಿದ ಕೋಳಿಮೂಳೆ ಸೀಳಿ ಗಂಟಲಿಗೆ ಚುಚ್ಚುತ್ತದೆ. ಬಟ್ಟೆಯನ್ನೋ ನಾರನ್ನೋ ನುಂಗುವ ಚಾಳಿಯ ನಾಯಿಗೆ ಆ ಆಟಗಳು ಬೇಡ. ಮನೆಯಲ್ಲಿ ಎರಡು ನಾಯಿಗಳಿದ್ದರೆ ಬೇರೆ ಬೇರೆ ಕಡೆ ಆಡಿಸಿ, ಇಲ್ಲವಾದರೆ ಮಹಾಭಾರತ ಅಂಗಳಕ್ಕೇ ಬರುತ್ತದೆ.

ಅಗೆಯುವುದು ಇನ್ನೊಂದು. ಸರಪಳಿ ಬಿಚ್ಚಿದ ಮೊದಲ ವಾರವೇ ಸಾರು ನನ್ನ ಹೆಂಡತಿಯ ಮಲ್ಲಿಗೆಯ ಬುಡಗಳನ್ನೆಲ್ಲ ಅಗೆದುಹಾಕಿತು. ಮನೆಯಲ್ಲಿ ನಾಯಿಯ ಪಕ್ಷ, ಮಲ್ಲಿಗೆಯ ಪಕ್ಷ ಎಂದು ಎರಡಾಯಿತು. ಹಿತ್ತಿಲ ಮೂಲೆಯಲ್ಲಿ ನಾಲ್ಕು ಬುಟ್ಟಿ ಹೊಯಿಗೆ ಸುರಿದು ಅದರಲ್ಲಿ ಏನಾದರೂ ಹೂತಿಡಲಾರಂಭಿಸಿದ ಮೇಲೆ ಸಂಧಾನವಾಯಿತು. ಅಗೆಯಬೇಡ ಎಂದು ನಾಯಿಗೆ ಹೇಳುವುದು ವ್ಯರ್ಥ, ಇಲ್ಲಿ ಅಗೆ ಎಂದು ಹೇಳುವುದು ಸಾಧ್ಯ.

ಎಲ್ಲಕ್ಕಿಂತ ದೊಡ್ಡದು ತಿರುಗಾಟ. ಇದರಲ್ಲಿ ನಾವು ಮಾಡುವ ತಪ್ಪನ್ನು ನಮ್ಮೂರಿನ ಮಾತಿನಲ್ಲೇ ಹೇಳುತ್ತೇನೆ. ವೃಶ್ಚಿಕ ಮಾಸದ ಹುಣ್ಣಿಮೆಗೆ ಕೋಟೇಶ್ವರದಲ್ಲಿ ಕೊಡಿಹಬ್ಬ. ರಥ, ಜನ, ಕಬ್ಬಿನ ಕೊಡಿ ಕೊಳ್ಳುವ ಹೊಸ ಮದುಮಕ್ಕಳು, ಬಳೆಯಂಗಡಿ, ಮಿಠಾಯಿಯಂಗಡಿ. ಒಬ್ಬ ಹುಡುಗನನ್ನು ಆ ಹಬ್ಬಕ್ಕೆ ಕರೆದೊಯ್ದು, ರಟ್ಟೆ ಹಿಡಿದು, ಯಾವ ಅಂಗಡಿಯ ಮುಂದೂ ನಿಲ್ಲಗೊಡದೆ, ಗಡಿಯಾರ ನೋಡಿಕೊಂಡು ಅರ್ಧ ಗಂಟೆಯಲ್ಲಿ ಮನೆಗೆ ಎಳೆದುತಂದರೆ ಅವನಿಗೆ ಹೇಗಾದೀತು? ನಾವು ನಾಯಿಯನ್ನು ತಿರುಗಾಡಿಸುವುದು ಹಾಗೆ. ವಿದ್ಯುತ್ ಕಂಬದ ಬುಡದಲ್ಲಿ ನಿನ್ನೆ ಯಾವ ನಾಯಿ ಬಂತು, ಗಂಡೋ ಹೆಣ್ಣೋ, ಎಷ್ಟು ಹೊತ್ತಾಯಿತು ಎಂಬ ಸಮಾಚಾರವೆಲ್ಲ ಅದಕ್ಕೆ ಸಿಗುತ್ತದೆ. ನಡುವೆ ಬಳ್ಳಿ ಜಗ್ಗುವುದೆಂದರೆ, ತಾವು ಧಾರಾವಾಹಿಯ ಕೊನೆಯ ಪುಟದಲ್ಲಿರುವಾಗ ಯಾರೋ ಪತ್ರಿಕೆಯನ್ನು ಕಿತ್ತುಕೊಂಡ ಹಾಗೆ. ಬೇಕಾದರೆ ದೂರ ಕಡಮೆ ಮಾಡಿ, ಮೂಸಲು ಬಿಡಿ. ಇಪ್ಪತ್ತು ನಿಮಿಷ ಮೂಸಿಕೊಂಡು ನಡೆದ ಸಾರು, ಒಂದು ಗಂಟೆ ನನ್ನ ಹಿಂದೆ ದಾಪುಗಾಲು ಹಾಕಿದ ಸಾರುವಿಗಿಂತ ಹೆಚ್ಚು ತೃಪ್ತಿಯಿಂದ ಮಲಗುವುದನ್ನು ನಾನು ನೋಡಿದ್ದೇನೆ. ವಾರಕ್ಕೆರಡು ದಿನ ದಾರಿ ಬದಲಿಸಿ, ಒಂದು ದಿನ ಬೀಜಾಡಿಯ ಕಡೆ, ಒಂದು ದಿನ ಕೆರೆಯ ಕಡೆ. ಕಡಲತೀರಕ್ಕೆ ಹೋದರೆ ಏಡಿಮಾಟೆಗಳು ಈಗಲೂ ಇವೆ. ಬೇಸಗೆಯಲ್ಲಿ ಬಿಸಿಲೇರುವ ಮೊದಲೇ ಹೊರಡಬೇಕು. ಕಾದ ಡಾಂಬರಿನಲ್ಲಿ ಚಪ್ಪಲಿ ಹಾಕಿದವರು ನಾವು, ಅದಲ್ಲ. ರೇಬಿಸ್ ಚುಚ್ಚುಮದ್ದು ಹಾಕಿಸದೆ ಮಾತ್ರ ಗೇಟು ದಾಟಿಸಬೇಡಿ.

ಆದರೆ ನಮ್ಮ ಮಳೆಗಾಲ ಗೊತ್ತಲ್ಲ. ಜೂನಿನಿಂದ ಸೆಪ್ಟೆಂಬರಿನವರೆಗೆ ಒಂದೊಂದು ವಾರ ಅಂಗಳಕ್ಕೆ ಇಳಿಯುವ ಹಾಗಿಲ್ಲ. ಆ ದಿನಗಳಿಗೆ ನಾನು ಹಿಡಿದದ್ದು ಪಾಠ. ಇದರಲ್ಲಿ ನನಗೆ ಮೇಲ್ಪಂಕ್ತಿ ಇನ್ನೊಬ್ಬ ನಿವೃತ್ತ ಪ್ರಾಧ್ಯಾಪಕರು, ಅಮೆರಿಕದ ದಕ್ಷಿಣ ಕೆರೊಲಿನಾದ ವಾಫರ್ಡ್ ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸಿದ ಜಾನ್ ಪಿಲ್ಲಿ. ಎಪ್ಪತ್ತೈದು ದಾಟಿದ ಮೇಲೆ, 2004ರಲ್ಲಿ, ‘ಚೇಸರ್’ ಎಂಬ ಕುರಿಕಾಯುವ ತಳಿಯ ಹೆಣ್ಣುಮರಿಯನ್ನು ತಂದು, ದಿನಕ್ಕೆ ನಾಲ್ಕೈದು ಗಂಟೆಯಂತೆ ಮೂರು ವರ್ಷ ಆಟಿಕೆಗಳ ಹೆಸರು ಹೇಳಿಕೊಟ್ಟರು. ಒಟ್ಟು 1,022 ಹೆಸರು. ಕುರಿಗಳಿಲ್ಲದ ಮನೆಯಲ್ಲಿ ಅದಕ್ಕೆ ಕುರಿಗಳ ಬದಲು ನಾಮಪದಗಳು ಸಿಕ್ಕಿದವು. ಗೊತ್ತಿರುವ ಆಟಿಕೆಗಳ ನಡುವೆ ಹೊಸದೊಂದನ್ನು ಇಟ್ಟು, ಕೇಳಿರದ ಹೆಸರೊಂದನ್ನು ಹೇಳಿದರೆ, ಈ ಹೆಸರು ಅದರದ್ದೇ ಇರಬೇಕೆಂದು ಊಹಿಸಿ ತರುತ್ತಿತ್ತು. ಅವರ ವರದಿ 2011ರಲ್ಲಿ ಅಚ್ಚಾಯಿತು. ಪಿಲ್ಲಿ 2018ರಲ್ಲಿ ತೀರಿಕೊಂಡರು, ಚೇಸರ್ ಮರುವರ್ಷ.

ನಾನು ಹಾಗೆ ದಿನಕ್ಕೆ ನಾಲ್ಕು ಗಂಟೆ ಕುಳಿತುಕೊಳ್ಳಲಾರೆ, ಸಾರು ಸಹ ಕುಳಿತುಕೊಳ್ಳಲಾರದು. ಐದೈದು ನಿಮಿಷದ ಎರಡು ತರಗತಿ, ಅದಕ್ಕಿಂತ ಹೆಚ್ಚಿಲ್ಲ. ಈವರೆಗೆ ಕಲಿತ ಹೆಸರುಗಳು ಹನ್ನೊಂದು. ಚೆಂಡು, ಗೆರಟೆ, ಚೀಲ, ಚಪ್ಪಲಿ, ಹೀಗೆ. ಕೊಡೆ ಎಂದರೆ ಕೊಡೆಯನ್ನೇ ತರುತ್ತದೆ, ಬಹುಪಾಲು ಹರಿದು. ಒಂದು ಸೋಜಿಗ: ಅದು ಮನೆಗೆ ಬಂದ ಮೊದಲ ತಿಂಗಳು ಊಟದ ಹೊತ್ತಿನ ‘ಸಾರು’ವಿಗೂ ತನ್ನನ್ನು ಕರೆಯುವ ‘ಸಾರು’ವಿಗೂ ಗೊಂದಲಪಡುತ್ತಿತ್ತು ಎಂದೆನಲ್ಲ, ಈಗ ಬಡಿಸುವ ಸಾರಿಗೆ ಕಿವಿಯನ್ನೂ ಅಲ್ಲಾಡಿಸುವುದಿಲ್ಲ. ದನಿಯ ಏರಿಳಿತದಿಂದಲೋ, ನಮ್ಮ ಮುಖ ನೋಡಿಯೋ, ನಾನಾರ್ಥವನ್ನು ಬಿಡಿಸಿಕೊಂಡಿದೆ. ಪರೀಕ್ಷೆಯಲ್ಲಿ ಎಷ್ಟೋ ಹುಡುಗರು ಎಡವುತ್ತಿದ್ದ ಜಾಗ ಅದು.

ಎಲ್ಲ ನಾಯಿಗಳಿಗೂ ಒಂದೇ ಕೆಲಸ ಹಿಡಿಸುವುದಿಲ್ಲ ಎಂಬುದನ್ನೂ ಹೇಳಬೇಕು. ಬಾಗಲಕೋಟೆ ಜಿಲ್ಲೆಯ ಮುಧೋಳದ ನಾಯಿ ನಮ್ಮ ನಾಡಿನ ಹೆಮ್ಮೆ. 2005ರಲ್ಲಿ ಅದರ ಚಿತ್ರದ ಅಂಚೆಚೀಟಿ ಬಂತು, ಊರಿನ ಬಳಿಯ ತಿಮ್ಮಾಪುರದಲ್ಲಿ ಅದರ ತಳಿಯನ್ನು ಕಾಪಾಡುವ ಸರ್ಕಾರಿ ಕೇಂದ್ರವಿದೆ. ಈಚೆಗೆ ಪೇಟೆಯವರೂ ಅದನ್ನು ತರುತ್ತಿದ್ದಾರೆ. ಆದರೆ ಅದು ಮೂಗಿಗಿಂತ ಕಣ್ಣಿನಿಂದ ಬೇಟೆಯಾಡಿ, ಬಯಲಿನಲ್ಲಿ ಮೊಲದ ಬೆನ್ನಟ್ಟಿ ಬೆಳೆದ ಪ್ರಾಣಿ. ಎರಡು ಕೋಣೆಯ ಮನೆಯಲ್ಲಿ ಅದಕ್ಕೆ ಹೆಡಿಗೆಯ ಆಟ ಸಾಲದು, ದಿನವೂ ಮನಸೋಕ್ತ ಓಡುವ ಜಾಗ ಬೇಕು. ಅಂಥ ಜಾಗವಿಲ್ಲದವರು ಹೆಮ್ಮೆಯನ್ನು ಅಂಚೆಚೀಟಿಯಲ್ಲಿ ಇಟ್ಟುಕೊಳ್ಳುವುದು ಲೇಸು.

ಬೇಟೆನಾಯಿ ಎಂದಾಗ ನಾನು ಆತಕೂರಿನ ಕಲ್ಲನ್ನು ನೆನೆಯದೆ ಇರಲಾರೆ. ಮಂಡ್ಯ ಜಿಲ್ಲೆಯ ಆ ಊರಿನ ಶಾಸನ ಹತ್ತನೆಯ ಶತಮಾನದ್ದು. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. 949ರ ತಕ್ಕೋಲದ ಕಾಳಗದಲ್ಲಿ ಮೆರೆದ ಮಣಲೆರ ಎಂಬ ವೀರನಿಗೆ, ಏನು ಬೇಕೋ ಕೇಳು ಎಂದು ಒಡೆಯ ಹೇಳಿದಾಗ ಅವನು ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ, ‘ಕಾಳಿ’ ಎಂಬ ನಾಯಿಯನ್ನು ಕೇಳಿದ. ಆ ಕಾಳಿ ಮುಂದೆ ದೊಡ್ಡದೊಂದು ಹಂದಿಯೊಡನೆ ಹೋರಾಡಿತು, ಎರಡೂ ಸತ್ತವು. ಮಣಲೆರ ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಡಿಸಿದ. ಎಂ.ಎ. ತರಗತಿಗಳಲ್ಲಿ ಈ ಶಾಸನವನ್ನು ಗಂಗ–ರಾಷ್ಟ್ರಕೂಟರ ಚರಿತ್ರೆಗಾಗಿ ಹೇಳುತ್ತಿದ್ದೆ, ನಾಯಿಯ ಪ್ರಸಂಗ ಒಂದು ವಾಕ್ಯದಲ್ಲಿ ಮುಗಿಯುತ್ತಿತ್ತು. ಈಗ ಆ ಶಿಲ್ಪದ ಚಿತ್ರವನ್ನು ನೋಡುವಾಗ ಬೇರೊಂದು ಕಾಣುತ್ತದೆ. ಶಿಲ್ಪಿ ಕಾಳಿಯನ್ನು ಒಡೆಯನ ಪಾದದ ಬಳಿ ಕೂರಿಸಲಿಲ್ಲ. ಹಂದಿಯ ಮೇಲೆ ಬಿದ್ದಿರುವ ಹಾಗೆ, ಕೆಲಸದಲ್ಲಿರುವ ಹಾಗೆ ಕಡೆದಿದ್ದಾನೆ.

ಹಾಗೆಂದು ಇಡೀ ದಿನ ನಾಯಿಯನ್ನು ದುಡಿಸಬೇಕೆಂದಲ್ಲ. ಬೆಳೆದ ನಾಯಿ ದಿನದ ಅರ್ಧದಷ್ಟು ಹೊತ್ತು ಮಲಗುತ್ತದೆ, ಮಲಗಬೇಕು. ಮಕ್ಕಳಿರುವ ಮನೆಗಳಲ್ಲಿ ಆಟ ಮುಗಿಯುವುದೇ ಇಲ್ಲ. ಅಲ್ಲಿ ನಾಯಿಗೆ ಒಂದು ಮೂಲೆ ಬೇಕು, ಅಲ್ಲಿಗೆ ಹೋಗಿ ಮಲಗಿದರೆ ಯಾರೂ ಎಬ್ಬಿಸಬಾರದು. ಪಟಾಕಿಗೆ, ಗುಡುಗಿಗೆ ನಡುಗುವ ನಾಯಿಯದು ಬೇಸರವಲ್ಲ, ಭಯ. ಅದಕ್ಕೆ ಆಟವಲ್ಲ, ಆಸರೆ ಬೇಕು. ಕಾಲು ನೆಕ್ಕುವುದೂ ಎಲ್ಲ ಸಲ ಬೇಸರದಿಂದಲೇ ಎನ್ನುವಂತಿಲ್ಲ. ಅಲರ್ಜಿಯೋ ಕೀಲುನೋವೋ ಇರಬಹುದು. ಮೊದಲು ವೈದ್ಯರಿಗೆ ತೋರಿಸಿ, ಆಮೇಲೆ ಹೆಡಿಗೆ ಹುಡುಕಿ.

ಸಾರುವಿನ ಹುಣ್ಣು ಮಾಯಲು ಐದು ತಿಂಗಳು ಬೇಕಾಯಿತು. ಆ ಜಾಗದಲ್ಲಿ ಮತ್ತೆ ಕೂದಲು ಬರಲಿಲ್ಲ. ಬೋಳು ಕಲೆ ಇದೆ. ಕಂಬದ ಸುತ್ತಿನ ಕುಳಿಗೆ ನಾನು ಮಣ್ಣು ತುಂಬಿದೆ, ಆದರೂ ಜೋರು ಮಳೆ ಬಂದಾಗ ಅಲ್ಲಿ ನೀರು ವೃತ್ತಾಕಾರವಾಗಿ ನಿಲ್ಲುತ್ತದೆ. ಅಂಚೆಯವರನ್ನು ಕಂಡರೆ ಅದು ಈಗಲೂ ಬೊಗಳುತ್ತದೆ, ಸುಧಾರಿಸುವ ಲಕ್ಷಣವಿಲ್ಲ. ಹಿರಿಯಾಕೆ ಈಗ ಕೆಲಸಕ್ಕೆ ಬರುವುದಿಲ್ಲ, ಮಂಡಿನೋವು. ಎರಡು ವಾರಕ್ಕೊಮ್ಮೆ ನಾನೂ ಸಾರುವೂ ಅವರ ಮನೆಯ ತನಕ ನಡೆದುಹೋಗುತ್ತೇವೆ. “ಕೆಲ್ಸ ಕೊಟ್ರ್ಯಾ ಅದ್ಕೆ?” ಎಂದು ಮೊದಲು ಕೇಳುವುದು ಅದನ್ನೇ.

ಸಾರುವಿಗೆ ಈಗ ಒಂಬತ್ತು ವರ್ಷ. ಕಣ್ಣಿಗೆ ಹಾಲಿನಂಥ ಪೊರೆ ಬರುತ್ತಿದೆ, ಕಿವಿ ಮಂದವಾಗಿದೆ, ಹೆಸರು ಹಿಡಿದು ಎರಡು ಸಲ ಕೂಗಬೇಕು. ಮೂಗು ಮಾತ್ರ ಹಾಗೆಯೇ ಇದೆ. ಈ ಮಾತುಗಳನ್ನು ಬರೆಯಲು ಕೂರುವ ಮೊದಲು ಜಗಲಿಯ ಮೂರನೆಯ ಮೆಟ್ಟಿಲ ಸಂದಿನಲ್ಲಿ ಒಂದು ಗೆಣಸಿನ ಚೂರನ್ನು ಅಡಗಿಸಿ ಬಂದಿದ್ದೆ. ಹೊರಗೆ ಬುಸುಗುಟ್ಟುವ ಸದ್ದು ಕೇಳಿಸುತ್ತಿದೆ. ಮೊದಲನೆಯ ಮೆಟ್ಟಿಲು ಮುಗಿದಿದೆ.